ಸೈಕಲ್, ಕ್ರಿಕೆಟ್ ಕಿಟ್, ರಾಕೆಟ್ ಜೊತೆ ಬೆಂಗಳೂರಿನಿಂದ ವಿಮಾನ ಹತ್ತುವವರಿಗೆ: ಮೊದಲು ತಕ್ಕಡಿ, ಆಮೇಲೆ ಟಿಕೆಟ್

ಸೈಕಲ್ ಹಿಡಿದು ಲೇಹ್‌ಗೆ ಹೊರಟವರು, ಮಗಳನ್ನು ಬ್ಯಾಡ್ಮಿಂಟನ್ ಟೂರ್ನಿಗೆ ಕರೆದುಕೊಂಡು ಹೋದ ಅಪ್ಪ ಅಮ್ಮ, ಆಫೀಸಿನ ಕ್ರಿಕೆಟ್ ತಂಡದವರು, ಎಲ್ಲರೂ ವಾಪಸ್ ಬಂದು ಕೇಳುವುದು ಒಂದೇ ಪ್ರಶ್ನೆ: ಕೌಂಟರ್‌ನಲ್ಲಿ ಅಷ್ಟೊಂದು ದುಡ್ಡು ಯಾಕೆ ಕೇಳಿದರು? ಬಹುತೇಕ ಸಲ ಉತ್ತರವೂ ಒಂದೇ. ಮೊದಲು ಅಗ್ಗದ ಟಿಕೆಟ್ ಕೊಂಡಿರುತ್ತಾರೆ. ಹೊರಡುವ ಹಿಂದಿನ ರಾತ್ರಿ ಸಾಮಾನು ಕಟ್ಟಿರುತ್ತಾರೆ. ನಿಯಮ ಏನು ಅಂತ ಗೊತ್ತಾಗುವುದು ಕೌಂಟರ್ ಮುಂದೆ ನಿಂತಾಗ.

ಈ ಕ್ರಮವನ್ನು ತಿರುಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಮೊದಲು ತೂಗಿ, ಅಳೆಯಿರಿ. ಆಮೇಲೆ ನಿಯಮ ಓದಿ. ಖರ್ಚೆಲ್ಲ ಕೂಡಿಸಿ ನೋಡಿ. ಟಿಕೆಟ್ ಅದಾದ ಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಯಾವುದನ್ನೂ ಹಿಂದೆ ಮುಂದೆ ಮಾಡಬೇಡಿ.

## ಕೈಯಲ್ಲಿ ಏನೇನು ಇರಬೇಕು

ಕೊಕ್ಕೆ ಇರುವ ಲಗೇಜ್ ತಕ್ಕಡಿ, ಅಳತೆ ಟೇಪು, ಎರಡಿಂಚಿನ ಅಂಟು ಟೇಪು, ಕೇಬಲ್ ಟೈ, ದಪ್ಪ ಮಾರ್ಕರ್, ಬಬಲ್ ರ‍್ಯಾಪ್. ಸೈಕಲ್ ಒಯ್ಯುವವರಿಗೆ ಇವುಗಳ ಜೊತೆ 4, 5, 6 ಮತ್ತು 8 ಮಿ.ಮೀ. ಅಲೆನ್ ಕೀ, 15 ಮಿ.ಮೀ. ಪೆಡಲ್ ಸ್ಪ್ಯಾನರ್, ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮ್ ಬೇಕು. ಸ್ಪ್ಯಾನರ್, ಅಲೆನ್ ಕೀ ಎಲ್ಲ ಎಸ್‌ಜೆಪಿ ರಸ್ತೆಯಲ್ಲಿ ಸಿಗುತ್ತವೆ. ಪೆಟ್ಟಿಗೆಗೆ ದುಡ್ಡು ಕೊಡುವ ಮೊದಲು ನಿಮ್ಮ ಸೈಕಲ್ ಅಂಗಡಿಯವರನ್ನು ಕೇಳಿ. ಹೊಸ ಸೈಕಲ್ ಬಂದ ರಟ್ಟಿನ ಬಾಕ್ಸ್ ಅವರ ಹತ್ತಿರ ಇದ್ದೇ ಇರುತ್ತದೆ. ಎಷ್ಟೋ ಅಂಗಡಿಯವರು ಸುಮ್ನೆ ಕೊಡುತ್ತಾರೆ. ವಾರ ಮೊದಲೇ ಹೇಳಿಟ್ಟರೆ ನಿಮ್ಮ ಫ್ರೇಮ್ ಅಳತೆಗೆ ಸರಿಹೊಂದುವುದನ್ನು ಎತ್ತಿಡುತ್ತಾರೆ.

## ಹಂತ 1: ತೂಗಿ, ಅಳೆಯಿರಿ

ಬರೀ ಸೈಕಲ್ ತೂಗಿದರೆ ಸಾಲದು, ಪೆಟ್ಟಿಗೆ ಸಮೇತ ತೂಗಬೇಕು. ಇಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ಒಂದು ರೋಡ್ ಸೈಕಲ್ 8ರಿಂದ 10 ಕೆಜಿ ಇರುತ್ತದೆ, ಮೌಂಟೇನ್ ಸೈಕಲ್ 13ರಿಂದ 15. ರಟ್ಟಿನ ಬಾಕ್ಸ್ ಇದಕ್ಕೆ ಸುಮಾರು 4-5 ಕೆಜಿ ಸೇರಿಸುತ್ತದೆ, ಮೆತ್ತನೆ ಬ್ಯಾಗ್ 6-8, ಗಟ್ಟಿ ಪ್ಲಾಸ್ಟಿಕ್ ಕೇಸ್ 10ಕ್ಕೂ ಜಾಸ್ತಿ. ದೇಶದೊಳಗಿನ 15 ಕೆಜಿ ಮಿತಿಗೆ ಗಟ್ಟಿ ಕೇಸ್ ಹೊಂದುವುದೇ ಇಲ್ಲ. ದುಬಾರಿ ಕೇಸ್ ಕೊಂಡು ಪ್ರತಿ ಪ್ರಯಾಣದಲ್ಲೂ ಅದರ ತೂಕಕ್ಕೇ ದುಡ್ಡು ಕಟ್ಟುವುದಕ್ಕಿಂತ, ದೇಶದೊಳಗೆ ರಟ್ಟಿನ ಬಾಕ್ಸೇ ಮೇಲು ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ಪೆಟ್ಟಿಗೆಯನ್ನು ಕೊಕ್ಕೆಗೆ ನೇತುಹಾಕಿ ತೂಗುವುದು ಕಷ್ಟ. ಮನೆಯಲ್ಲಿ ನಿಂತು ತೂಕ ನೋಡುವ ತಕ್ಕಡಿ ಇದ್ದರೆ ಪೆಟ್ಟಿಗೆ ಹಿಡಿದು ಅದರ ಮೇಲೆ ನಿಲ್ಲಿ. ಬಂದ ಅಂಕಿಯಿಂದ ನಿಮ್ಮ ತೂಕ ಕಳೆಯಿರಿ.

ಅಳತೆ ಅಂದರೆ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದ ಮೊತ್ತ. ಸಾಮಾನ್ಯ ಚೆಕ್‌ಇನ್ ಬ್ಯಾಗಿಗೆ ಬಹಳಷ್ಟು ವಿಮಾನಗಳಲ್ಲಿ ಇದು 158 ಸೆಂ.ಮೀ. ದಾಟಬಾರದು. ಸೈಕಲ್ ಬಾಕ್ಸ್ 135, 75, 22 ಇದ್ದರೆ ಮೊತ್ತ 232. ಅಂದರೆ ತೂಕ ಮಿತಿಯೊಳಗೆ ಇದ್ದರೂ ಅಳತೆಯಲ್ಲಿ ಅದು ದೊಡ್ಡ ಲಗೇಜ್. ಕ್ರಿಕೆಟ್ ಕಿಟ್‌ನವರು ಇದನ್ನು ಯೋಚಿಸುವುದೇ ಇಲ್ಲ. ಚಕ್ರ ಇರುವ ಉದ್ದನೆ ಕಿಟ್ ಬ್ಯಾಗ್ 95, 38, 35 ಇದ್ದರೆ ಮೊತ್ತ 168. ಅದೂ ಮಿತಿ ದಾಟಿತು ಅಲ್ವಾ? ಕೌಂಟರ್‌ನಲ್ಲಿ ದಿನಾ ಅಳೆಯುವುದಿಲ್ಲ ನಿಜ. ಆದರೆ ಅಳೆದ ದಿನ ವಾದ ಮಾಡಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ.

ತೂಕ, ಮೂರು ಅಳತೆ, ಪೆಟ್ಟಿಗೆಯ ಫೋಟೋ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಹಂತಗಳಿಗೆಲ್ಲ ಇದೇ ಆಧಾರ.

## ಹಂತ 2: ನಿಯಮ ಓದುವಾಗ ಮೂರು ಜಾಗ ಹುಡುಕಿ

ಫ್ರೀ ಲಗೇಜ್ ಎಷ್ಟು. ದೇಶದೊಳಗೆ ಸಾಮಾನ್ಯ ಎಕಾನಮಿ ಟಿಕೆಟ್‌ಗೆ 15 ಕೆಜಿ ಚೆಕ್‌ಇನ್, 7 ಕೆಜಿ ಕೈಚೀಲ ಅನ್ನುವುದು ಈಗಿನ ವಾಡಿಕೆ. ತೀರಾ ಅಗ್ಗದ ಕೆಲವು ಟಿಕೆಟ್‌ಗಳಲ್ಲಿ ಚೆಕ್‌ಇನ್ ಬ್ಯಾಗೇ ಇರುವುದಿಲ್ಲ. ಟಿಕೆಟ್ ಹೆಸರಿನಲ್ಲಿ 'ಲೈಟ್' ಅಂತ ಕಂಡರೆ ಅಲ್ಲೇ ನಿಂತು ಓದಿ. ಇನ್ನೊಂದು ಸೂಕ್ಷ್ಮ: 15 ಕೆಜಿ ಎಂದರೆ ಎಷ್ಟೋ ಕಡೆ ಒಂದೇ ಬ್ಯಾಗ್. ಸೈಕಲ್ ಬಾಕ್ಸ್ 13, ಬಟ್ಟೆ ಬ್ಯಾಗ್ 2 ಕೆಜಿ, ಒಟ್ಟು ಸರಿಯಾಯಿತಲ್ಲ ಅಂದುಕೊಂಡರೆ ಎರಡನೇ ಬ್ಯಾಗಿಗೆ ಪ್ರತ್ಯೇಕ ಶುಲ್ಕ ಬೀಳಬಹುದು.

ತೂಕದ ಲೆಕ್ಕವೋ, ಬ್ಯಾಗ್ ಲೆಕ್ಕವೋ. ವಿದೇಶಕ್ಕೆ ಹೋಗುವಾಗ ಕೆಲವು ಟಿಕೆಟ್‌ಗಳಲ್ಲಿ ಒಟ್ಟು ಇಷ್ಟು ಕೆಜಿ ಅಂತ ಇರುತ್ತದೆ. ಅಮೆರಿಕದಂಥ ಕಡೆಗೆ ಇಷ್ಟು ಬ್ಯಾಗ್, ಒಂದೊಂದೂ 23 ಕೆಜಿ ಒಳಗೆ ಅಂತ ಇರುತ್ತದೆ. ಸೈಕಲ್‌ಗೆ ಬ್ಯಾಗ್ ಲೆಕ್ಕವೇ ಅನುಕೂಲ. ಸೈಕಲ್ ಬಾಕ್ಸೇ ಒಂದು ಬ್ಯಾಗ್ ಆಗುತ್ತದೆ, ಬಟ್ಟೆ ಇನ್ನೊಂದು. ಯಾವ ಲೆಕ್ಕವೇ ಇರಲಿ, ಒಂದೇ ಬ್ಯಾಗ್ 32 ಕೆಜಿ ದಾಟಿದರೆ ಸಾಮಾನ್ಯವಾಗಿ ದುಡ್ಡು ಕೊಟ್ಟರೂ ತೆಗೆದುಕೊಳ್ಳುವುದಿಲ್ಲ. ಅದು ಎತ್ತಿ ಇಳಿಸುವ ಕೆಲಸಗಾರರ ಬೆನ್ನು ಉಳಿಸಲು ಇರುವ ಮಿತಿ.

ಕ್ರೀಡಾ ಸಾಮಗ್ರಿಗೆ ಬೇರೆ ನಿಯಮ ಇದೆಯೇ. ಕಂಪನಿಯಿಂದ ಕಂಪನಿಗೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಬೆಂಗಳೂರಿನಿಂದ ಹಾರುವ ಎಮಿರೇಟ್ಸ್, ಕತಾರ್ ಏರ್‌ವೇಸ್ ಕ್ರೀಡಾ ಸಾಮಗ್ರಿಯನ್ನು ನಿಮ್ಮ ಫ್ರೀ ಲಗೇಜ್‌ನೊಳಗೇ ಎಣಿಸುತ್ತವೆ. ಲುಫ್ತಾನ್ಸಾದಲ್ಲಿ ಸೈಕಲ್‌ಗೆ ಮುಂಚೆಯೇ ಹೆಸರು ಬರೆಸಿ ಪ್ರತ್ಯೇಕ ಶುಲ್ಕ ಕಟ್ಟಬೇಕು. ಟಿಕೆಟ್ ಬೆಲೆ ಎರಡರಲ್ಲೂ ಒಂದೇ ಇದ್ದರೂ ಸೈಕಲ್ ಸೇರಿದ ಮೇಲೆ ಒಂದೇ ಇರುವುದಿಲ್ಲ.

ಟಿಕೆಟ್ ಮಾರಿದ ಕಂಪನಿ ಒಂದು, ಹಾರಿಸುವ ಕಂಪನಿ ಇನ್ನೊಂದು ಆಗಿರಬಹುದು. ಆಗ ಸೈಕಲ್ ಒಯ್ಯಲು ಹಾರಿಸುವವರ ಒಪ್ಪಿಗೆಯೂ ಬೇಕು. ದೆಹಲಿಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಬೇರೆ ಟಿಕೆಟ್ ತೆಗೆದವರು ಎರಡು ಸಲ ದುಡ್ಡು ಕಟ್ಟಬೇಕು, ದೆಹಲಿಯಲ್ಲಿ ಬಾಕ್ಸ್ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು. ಸೈಕಲ್ ಇದ್ದಾಗ ಪೂರ್ತಿ ದಾರಿಗೆ ಒಂದೇ ಟಿಕೆಟ್ ತೆಗೆಯಿರಿ. ಒಂದೆರಡು ಸಾವಿರ ಜಾಸ್ತಿಯಾದರೂ ಪರವಾಗಿಲ್ಲ.

ಚಿಕ್ಕ ಊರುಗಳಿಗೆ ಹಾರುವ, ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಚಿಕ್ಕ ಎಟಿಆರ್ ವಿಮಾನಗಳ ಬಗ್ಗೆ ಎಚ್ಚರ. ಅವುಗಳ ಲಗೇಜ್ ಜಾಗ ಚಿಕ್ಕದು. ಸೈಕಲ್ ಬಾಕ್ಸ್ ಹಿಡಿಸುತ್ತದೆಯೇ ಎಂದು ಕೇಳದೆ ಬುಕ್ ಮಾಡಬೇಡಿ. ಹುಬ್ಬಳ್ಳಿಯಂಥ ಊರಿಗಾದರೆ ರೈಲೇ ಒಳ್ಳೆಯದು.

## ಹಂತ 3: ಪೂರ್ತಿ ಖರ್ಚು ಕೂಡಿಸಿ

ಒಂದು ಉದಾಹರಣೆ ನೋಡೋಣ. ಸೈಕಲ್ 9 ಕೆಜಿ, ರಟ್ಟಿನ ಬಾಕ್ಸ್ 5, ಉಪಕರಣ 1, ಬಟ್ಟೆಬರೆ 8. ಒಟ್ಟು 23 ಕೆಜಿ. ಫ್ರೀ ಇರುವುದು 15. ಹೆಚ್ಚುವರಿ 8 ಕೆಜಿ. ಕೌಂಟರ್‌ನಲ್ಲಿ ಕೆಜಿಗೆ 600 ರೂಪಾಯಿ ಅಂತ ಇಟ್ಟುಕೊಂಡರೆ 4,800 ರೂಪಾಯಿ. ವಾಪಸ್ ಬರುವಾಗಲೂ ಅಷ್ಟೇ. ಹೋಗಿ ಬರುವುದಕ್ಕೆ 9,600 ಆಯಿತು. ಕೆಲವು ಸಲ ಟಿಕೆಟ್‌ಗಿಂತ ಇದೇ ಜಾಸ್ತಿ.

ಇದನ್ನು ಇಳಿಸಲು ಮೂರು ದಾರಿಗಳಿವೆ. ಮೊದಲನೆಯದು, ಹೆಚ್ಚುವರಿ ಕೆಜಿಯನ್ನು ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಮುಂಚೆಯೇ ಕೊಳ್ಳುವುದು. 3, 5, 10 ಕೆಜಿ ಹೀಗೆ ಕಟ್ಟುಗಳಲ್ಲಿ ಮಾರುತ್ತಾರೆ, ಕೌಂಟರ್ ದರಕ್ಕಿಂತ ಕಡಿಮೆ. ವಿಮಾನ ಹೊರಡುವ ಕೆಲವು ಗಂಟೆ ಮೊದಲು ಈ ಅವಕಾಶ ಮುಗಿಯುತ್ತದೆ. ಹಾಗಾಗಿ ಏರ್‌ಪೋರ್ಟ್ ದಾರಿಯಲ್ಲಿ ಕ್ಯಾಬ್‌ನಲ್ಲಿ ಕೂತು ಕೊಳ್ಳುತ್ತೇನೆ ಅಂದುಕೊಳ್ಳಬೇಡಿ. ಎರಡನೆಯದು, ಭಾರದ ಸಾಮಾನನ್ನು ಕೈಚೀಲಕ್ಕೆ ಹಾಕುವುದು. ಶೂ, ಹೆಲ್ಮೆಟ್, ಜೆರ್ಸಿ ಎಲ್ಲ 7 ಕೆಜಿಯೊಳಗೆ ಹೋಗುತ್ತವೆ. ಮೂರನೆಯದು, ಮನೆಯವರೋ ಗೆಳೆಯರೋ ಜೊತೆಗಿದ್ದರೆ ಎಲ್ಲರ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ ತೆಗೆಯುವುದು. ಹಾಗಿದ್ದರೆ ಒಬ್ಬರ ಉಳಿಕೆ ತೂಕ ಇನ್ನೊಬ್ಬರಿಗೆ ಸಿಗುವ ಅವಕಾಶ ಇರುತ್ತದೆ. ತಂಡವಾಗಿ ಹೋಗುವವರು ಬೇರೆ ಬೇರೆ ಟಿಕೆಟ್ ತೆಗೆದು ಈ ಅನುಕೂಲ ಕಳೆದುಕೊಳ್ಳುತ್ತಾರೆ.

ಲೆಕ್ಕ ಹಾಕಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲೇ ಬಾಡಿಗೆಗೆ ತೆಗೆದುಕೊಂಡರೆ ಆಗುವುದಿಲ್ಲವೇ? ಮನಾಲಿ, ಲೇಹ್‌ನಲ್ಲಿ ಸೈಕಲ್ ಬಾಡಿಗೆಗೆ ಸಿಗುತ್ತವೆ. ಎರಡು ಮೂರು ದಿನದ ಸವಾರಿಗೆ ನಿಮ್ಮದನ್ನು ಹೊತ್ತುಕೊಂಡು ಹೋಗಬೇಕಾಗಿಲ್ಲ. ರೇಸ್ ಇದ್ದರೆ, ಉದ್ದದ ಪ್ರವಾಸ ಇದ್ದರೆ, ನಿಮ್ಮ ಮೈಗೆ ಒಗ್ಗಿದ ಸೈಕಲ್ಲೇ ಬೇಕು, ಒಪ್ಪುತ್ತೇನೆ.

## ಹಂತ 4: ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ

ಟಿಕೆಟ್ ತೆಗೆದ ದಿನವೇ ವಿಮಾನ ಕಂಪನಿಗೆ ಬರೆಯಿರಿ. ಪಿಎನ್‌ಆರ್, ಸಾಮಗ್ರಿ ಏನು, ಪೆಟ್ಟಿಗೆ ಸಮೇತ ತೂಕ, ಮೂರು ಅಳತೆ, ಹೋಗುವ ಮತ್ತು ಬರುವ ವಿಮಾನದ ಸಂಖ್ಯೆ ಎಲ್ಲ ಕೊಡಿ. ಕೇಳುವುದು ಎರಡೇ: ಇದನ್ನು ತೆಗೆದುಕೊಳ್ಳುತ್ತೀರಾ, ಒಟ್ಟು ಶುಲ್ಕ ಎಷ್ಟು. ಬಂದ ಉತ್ತರದ ಪ್ರತಿ ತೆಗೆದಿಟ್ಟುಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವ ಹಾಗಿರಲಿ.

ಫೋನಿನಲ್ಲಿ "ಆಗುತ್ತೆ ಸರ್, ಏರ್‌ಪೋರ್ಟ್‌ಗೆ ಬನ್ನಿ, ನೋಡೋಣ" ಅಂದರೆ ಅದು ಒಪ್ಪಿಗೆಯಲ್ಲ, ಎಚ್ಚರಿಕೆಯ ಗಂಟೆ. ಪಿಎನ್‌ಆರ್‌ನಲ್ಲಿ ಬರೆಸಿದ್ದೀರಾ ಎಂದು ಕೇಳಿ, ಆ ಮಾತನ್ನು ಮೇಲ್‌ನಲ್ಲಿ ಕಳಿಸಲು ಹೇಳಿ. 'ಜಾಗ ಇದ್ದರೆ ಮಾತ್ರ' ಅಂತ ಉತ್ತರ ಬಂದರೆ ಸಾಮಾನು ಮುಂದಿನ ವಿಮಾನದಲ್ಲಿ ಬರಬಹುದು ಎಂದು ಲೆಕ್ಕ ಹಾಕಿಕೊಂಡೇ ಹೊರಡಿ. ರೇಸ್ ಇರುವವರು ಹಿಂದಿನ ದಿನ ತಲುಪುವ ಬದಲು ಎರಡು ದಿನ ಮೊದಲು ತಲುಪುವುದು ಕ್ಷೇಮ.

ಲೇಹ್‌ಗೆ ಹೋಗುವವರು ಇದನ್ನು ಇನ್ನಷ್ಟು ಗಮನಿಸಬೇಕು. ಅಲ್ಲಿನ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 3,200 ಮೀಟರ್‌ಗಿಂತ ಎತ್ತರದಲ್ಲಿದೆ. ಗಾಳಿ ತೆಳು. ಪೂರ್ತಿ ಭಾರ ಹೊತ್ತು ಅಲ್ಲಿಂದ ಮೇಲೇರುವುದು ವಿಮಾನಕ್ಕೆ ಕಷ್ಟ. ಅದಕ್ಕೇ ವಾಪಸ್ ಬರುವಾಗ ಭಾರ ಕಡಿಮೆ ಮಾಡಲು ದೊಡ್ಡ ಪೆಟ್ಟಿಗೆಗಳು ಹಿಂದೆ ಉಳಿಯುವ ಸಾಧ್ಯತೆ ಜಾಸ್ತಿ.

## ಹಂತ 5: ಯಾವುದು ಕೈಚೀಲಕ್ಕೆ, ಯಾವುದು ಚೆಕ್‌ಇನ್‌ಗೆ, ಯಾವುದು ಮನೆಯಲ್ಲೇ

ಕ್ರಿಕೆಟ್ ಬ್ಯಾಟ್, ಹಾಕಿ ಸ್ಟಿಕ್, ಗಾಲ್ಫ್ ಕ್ಲಬ್, ಬಿಲ್ಲು ಬಾಣ, ಟ್ರೆಕ್ಕಿಂಗ್ ಕೋಲು, ಸ್ಪ್ಯಾನರ್, ಅಲೆನ್ ಕೀ ಇವೆಲ್ಲ ಚೆಕ್‌ಇನ್‌ಗೇ ಹೋಗಬೇಕು. ಮಗುವಿನ ಚಿಕ್ಕ ಬ್ಯಾಟ್ ಆದರೂ ಸೆಕ್ಯೂರಿಟಿಯಲ್ಲಿ ತಡೆಯುತ್ತಾರೆ.

ಬ್ಯಾಡ್ಮಿಂಟನ್, ಟೆನಿಸ್ ರಾಕೆಟ್‌ನದು ಅಳತೆಯ ತೊಂದರೆ. ಬ್ಯಾಡ್ಮಿಂಟನ್ ರಾಕೆಟ್ 68 ಸೆಂ.ಮೀ.ವರೆಗೆ ಉದ್ದ ಇರುತ್ತದೆ. ಕೈಚೀಲಕ್ಕೆ ಹೆಚ್ಚಿನ ಕಂಪನಿಗಳು ಕೊಡುವ ಉದ್ದ 55 ಸೆಂ.ಮೀ. ಎರಡು ರಾಕೆಟ್‌ನ ತೆಳು ಕವರ್ ಇದ್ದರೆ ಸಾಮಾನ್ಯವಾಗಿ ಬಿಡುತ್ತಾರೆ, ಆದರೆ ಅದು ಹಕ್ಕಲ್ಲ. ಆರು ರಾಕೆಟ್‌ನ ದಪ್ಪ ಬ್ಯಾಗ್ ಆದರೆ ಚೆಕ್‌ಇನ್‌ಗೆ ಹಾಕಿ. ಹಾಕುವ ಮೊದಲು ರಾಕೆಟ್‌ಗಳ ತಲೆಯ ಸುತ್ತ ಟವೆಲ್ ಸುತ್ತಿ, ಎರಡೂ ಬದಿಗೆ ಬಟ್ಟೆ ಇಟ್ಟು ಗಟ್ಟಿ ಸೂಟ್‌ಕೇಸ್ ಒಳಗೇ ಮಲಗಿಸಿದರೆ ಇನ್ನೂ ಒಳ್ಳೆಯದು.

ಬ್ಯಾಟರಿಯದು ಇದಕ್ಕೆ ಪೂರ್ತಿ ಉಲ್ಟಾ. ಪವರ್ ಬ್ಯಾಂಕ್, ಬಿಡಿ ಲಿಥಿಯಂ ಬ್ಯಾಟರಿ ಚೆಕ್‌ಇನ್‌ಗೆ ಹಾಕಲೇಬಾರದು, ಕೈಚೀಲದಲ್ಲೇ ಇರಬೇಕು. ಕೆಳಗಿನ ಲಗೇಜ್ ಜಾಗದಲ್ಲಿ ಬೆಂಕಿ ಹತ್ತಿದರೆ ಆರಿಸಲು ಯಾರೂ ಹೋಗಲಾಗದು, ಅದಕ್ಕೇ ಈ ನಿಯಮ. ಬ್ಯಾಟರಿಯ ಶಕ್ತಿ 100 ವಾಟ್ ಅವರ್‌ವರೆಗೆ ಸರಿ, 100ರಿಂದ 160ರವರೆಗೆ ಕಂಪನಿಯ ಒಪ್ಪಿಗೆ ಬೇಕು, 160 ದಾಟಿದರೆ ಇಲ್ಲ. ಲೆಕ್ಕ ಸುಲಭ: ಎಂಎಎಚ್ ಅಂಕಿಯನ್ನು ವೋಲ್ಟ್‌ನಿಂದ ಗುಣಿಸಿ 1,000ದಿಂದ ಭಾಗಿಸಿ. 20,000 ಎಂಎಎಚ್, 3.7 ವೋಲ್ಟ್ ಪವರ್ ಬ್ಯಾಂಕ್ 74 ವಾಟ್ ಅವರ್ ಆಗುತ್ತದೆ. ಎಲೆಕ್ಟ್ರಿಕ್ ಸೈಕಲ್‌ನ ಬ್ಯಾಟರಿ ಸಾಮಾನ್ಯವಾಗಿ 160 ದಾಟಿಯೇ ಇರುತ್ತದೆ, ಹಾಗಾಗಿ ಅದನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯುವ ಯೋಚನೆ ಬಿಡಿ. ಸೈಕಲ್ ಲೈಟ್ ಬಿಚ್ಚಿ ಕೈಚೀಲಕ್ಕೆ ಹಾಕಿ. ಎಲೆಕ್ಟ್ರಾನಿಕ್ ಗೇರ್ ಇದ್ದರೆ ಬ್ಯಾಟರಿ ಸಂಪರ್ಕ ತಪ್ಪಿಸಿ. ದಾರಿಯಲ್ಲಿ ಗುಂಡಿ ಒತ್ತಿ ಮೋಟಾರ್ ತಿರುಗಬಾರದು.

ಮನೆಯಲ್ಲೇ ಬಿಡಬೇಕಾದವು: ಟ್ರೆಕ್ಕಿಂಗ್ ಗ್ಯಾಸ್ ಡಬ್ಬಿ, ಚೈನ್ ಶುಚಿ ಮಾಡುವ ಸ್ಪ್ರೇ, ಸೀಮೆಎಣ್ಣೆ ವಾಸನೆ ಬರುವ ಒಲೆ. ಟೈರ್‌ಗೆ ಗಾಳಿ ತುಂಬುವ ಚಿಕ್ಕ ಸಿಒ2 ಡಬ್ಬಿಗೆ ಕಂಪನಿಯ ಒಪ್ಪಿಗೆ ಬೇಕು. ಅದರ ಹಿಂದೆ ಬೀಳುವುದಕ್ಕಿಂತ ಕೈಪಂಪ್ ಇಟ್ಟುಕೊಳ್ಳಿ.

ಶೂಟಿಂಗ್‌ನವರ ಬಂದೂಕು, ಗುಂಡಿನ ವಿಷಯವೇ ಬೇರೆ. ಲೈಸೆನ್ಸ್, ಮುಂಗಡ ಸೂಚನೆ, ಪ್ರತ್ಯೇಕ ತಪಾಸಣೆ ಎಲ್ಲ ಇದೆ. ನಿಮ್ಮ ಕ್ಲಬ್ ಮತ್ತು ವಿಮಾನ ಕಂಪನಿ ಎರಡನ್ನೂ ಕೇಳಿಯೇ ಹೊರಡಿ.

## ಹಂತ 6: ಸೈಕಲ್ ಕಟ್ಟುವ ಕ್ರಮ

ಹೊರಡುವ ಹಿಂದಿನ ರಾತ್ರಿಗೆ ಇದನ್ನು ಉಳಿಸಬೇಡಿ. ಮೊದಲ ಸಲ ಕಟ್ಟುವವರು ಅರ್ಧ ದಿನ ಇಟ್ಟುಕೊಳ್ಳಿ. ಒಮ್ಮೆ ಕಟ್ಟಿ, ಬಿಚ್ಚಿ, ಮತ್ತೆ ಜೋಡಿಸಿ ನೋಡಿದರೆ ಅಲ್ಲಿ ಹೋಗಿ ಪರದಾಡುವುದು ತಪ್ಪುತ್ತದೆ.

1. ಗುರುತು ಹಾಕಿ. ಸೀಟ್ ಎಷ್ಟು ಎತ್ತರ ಇದೆ, ಹ್ಯಾಂಡಲ್ ಯಾವ ಕೋನದಲ್ಲಿದೆ ಎಂದು ಟೇಪ್ ಅಂಟಿಸಿ ಗುರುತು ಮಾಡಿ. ಎರಡೂ ಬದಿಯಿಂದ ಫೋಟೋ ತೆಗೆಯಿರಿ. ಮುಂದೆ ಹಾನಿಯಾದರೆ ಇದೇ ಫೋಟೋ ಸಾಕ್ಷಿ.

2. ಪೆಡಲ್ ಬಿಚ್ಚಿ. ಬಲಗಡೆಯ ಪೆಡಲ್ ಎಲ್ಲ ಸ್ಕ್ರೂಗಳ ಹಾಗೆ ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಿದರೆ ಬಿಚ್ಚುತ್ತದೆ. ಎಡಗಡೆಯದಕ್ಕೆ ಉಲ್ಟಾ ಥ್ರೆಡ್ ಇದೆ. ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಬಲ ಹಾಕಿ ಇನ್ನಷ್ಟು ಬಿಗಿ ಮಾಡಿ, ಕೊನೆಗೆ ಥ್ರೆಡ್ ಹಾಳು ಮಾಡಿಕೊಳ್ಳುವವರು ತುಂಬಾ ಜನ.

3. ಹಿಂದಿನ ಡಿರೇಲರ್ (ಗೇರ್ ಬದಲಿಸುವ ಭಾಗ) ಒಳಗೆ ಸರಿಸಿ. ಪ್ರಯಾಣದಲ್ಲಿ ಮೊದಲು ಬಾಗುವುದು ಅದನ್ನು ಹಿಡಿದಿರುವ ಹ್ಯಾಂಗರ್. 5 ಮಿ.ಮೀ. ಅಲೆನ್ ಕೀಯಿಂದ ಡಿರೇಲರ್ ಬಿಚ್ಚಿ, ಬಬಲ್ ರ‍್ಯಾಪ್ ಸುತ್ತಿ, ಫ್ರೇಮ್‌ನ ಹಿಂದಿನ ತ್ರಿಕೋನದ ಒಳಗೆ ಕಟ್ಟಿ. ನಿಮ್ಮ ಮಾಡೆಲ್‌ನ ಒಂದು ಬಿಡಿ ಹ್ಯಾಂಗರ್ ಜೊತೆಗಿರಲಿ. ಬೆಲೆ ಚಿಕ್ಕದು. ಆದರೆ ಬೇರೆ ಊರಿನಲ್ಲಿ ಅದೇ ಆಕಾರದ್ದು ಸಿಗುವುದು ಕಷ್ಟ.

4. ಮುಂದಿನ ಚಕ್ರ ತೆಗೆದು ಫೋರ್ಕ್ ನಡುವೆ ಆಧಾರ ಕೊಡಿ. ಅಂಗಡಿಯಲ್ಲಿ ಕೊಡುವ ಪ್ಲಾಸ್ಟಿಕ್ ತುಂಡು ಸಾಕು. ಇಲ್ಲದಿದ್ದರೆ ಮೇಲೆ ಭಾರ ಬಿದ್ದಾಗ ಫೋರ್ಕ್ ಒಳಕ್ಕೆ ಬಾಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆಯೂ ತುಂಡು ಇಡಿ. ಚಕ್ರ ಇಲ್ಲದಾಗ ಬ್ರೇಕ್ ಒತ್ತಬೇಡಿ. ಪ್ಯಾಡ್‌ಗಳು ಅಂಟಿಕೊಂಡರೆ ಬಿಡಿಸುವುದೇ ಒಂದು ಕೆಲಸವಾಗುತ್ತದೆ.

5. ಹ್ಯಾಂಡಲ್ ಬಿಚ್ಚಿ ಮೇಲಿನ ಕೊಳವೆಗೆ ಕಟ್ಟಿ. ಕೇಬಲ್‌ಗಳು ಚೂಪಾಗಿ ಮಡಚಿಕೊಳ್ಳದ ಹಾಗೆ ನೋಡಿ.

6. ಫೋಮ್ ಸುತ್ತಿ. ಲೋಹಕ್ಕೆ ಲೋಹ ತಾಗುವ ಕಡೆಯೆಲ್ಲ ಸುತ್ತಬೇಕು. ಕಾರ್ಬನ್ ಫ್ರೇಮ್ ಆದರೆ ಇಲ್ಲಿ ಜಿಪುಣತನ ಬೇಡ. ಬಾಕ್ಸ್ ತಳಕ್ಕೆ, ದೊಡ್ಡ ಹಲ್ಲಿನ ಚಕ್ರ ಕೂರುವ ಜಾಗಕ್ಕೆ, ಇನ್ನೊಂದು ಪದರ ರಟ್ಟು ಹಾಕಿ.

7. ಟೈರ್‌ನ ಗಾಳಿ ಇಳಿಸಿ. ಲಗೇಜ್ ಇಡುವ ಜಾಗದಲ್ಲೂ ಗಾಳಿಯ ಒತ್ತಡ ಕಾಪಾಡಿರುತ್ತಾರೆ, ಟೈರ್ ಸಿಡಿಯುವ ಭಯ ಇಲ್ಲ. ಆದರೂ ಕಂಪನಿಗಳು ಕೇಳುತ್ತವೆ. ಕೌಂಟರ್‌ನಲ್ಲಿ ಇದಕ್ಕಾಗಿ ಬಾಕ್ಸ್ ಬಿಚ್ಚುವುದಕ್ಕಿಂತ ಮನೆಯಲ್ಲೇ ಅರ್ಧಕ್ಕಿಂತ ಕೆಳಗೆ ಇಳಿಸಿಡಿ. ಪೂರ್ತಿ ತೆಗೆದರೆ ರಿಮ್‌ಗೆ ಆಸರೆ ಇರುವುದಿಲ್ಲ.

8. ಬಿಡಿ ಭಾಗಗಳನ್ನು ಒಂದು ಚೀಲಕ್ಕೆ ಹಾಕಿ ಫ್ರೇಮ್‌ಗೇ ಕಟ್ಟಿ. ಆಕ್ಸಲ್ (ಚಕ್ರವನ್ನು ಫ್ರೇಮ್‌ಗೆ ಹಿಡಿದಿಡುವ ಸರಳು), ಪೆಡಲ್, ಬೋಲ್ಟ್ ಯಾವುದೂ ಬಾಕ್ಸ್‌ನಲ್ಲಿ ಬಿಡಿಯಾಗಿ ಉರುಳಬಾರದು. ರಟ್ಟಿನಲ್ಲಿ ಚಿಕ್ಕ ತೂತಾದರೂ ಸಾಕು, ಆಕ್ಸಲ್ ಅದರಿಂದ ಜಾರಿಹೋಗುತ್ತದೆ. ಆಕ್ಸಲ್ ಇಲ್ಲದ ಸೈಕಲ್ ಓಡಿಸುವುದು ಹೇಗೆ?

9. ಅಲುಗಾಡಿಸಿ ನೋಡಿ. ಬಾಕ್ಸ್ ಎತ್ತಿ ಅಲ್ಲಾಡಿಸಿದಾಗ ಸದ್ದು ಬಂದರೆ ಇನ್ನೂ ತುಂಬಬೇಕು. ಬಟ್ಟೆ ತುರುಕಿ, ಆದರೆ ತೂಕ ಮತ್ತೆ ನೋಡಿ.

ಬಾಕ್ಸ್‌ನ ಮೇಲೆ ಎರಡು ಕಡೆ ನಿಮ್ಮ ಹೆಸರು, ಮೊಬೈಲ್ ಸಂಖ್ಯೆ ಬರೆಯಿರಿ. ಒಳಗೂ ಒಂದು ಚೀಟಿ ಇರಲಿ. ಹಳೆಯ ಪ್ರಯಾಣದ ಟ್ಯಾಗ್‌ಗಳನ್ನೆಲ್ಲ ಕಿತ್ತುಹಾಕಿ.

ಕ್ರಿಕೆಟ್ ಕಿಟ್‌ಗೆ ಇಷ್ಟು ಕಷ್ಟ ಇಲ್ಲ. ಬ್ಯಾಟ್‌ಗಳನ್ನು ಎರಡು ಪ್ಯಾಡ್ ನಡುವೆ ಇಡಿ, ಹೆಲ್ಮೆಟ್ ಒಳಗೆ ಗ್ಲೌಸ್ ತುಂಬಿ. ಗಾಲ್ಫ್‌ನವರು ಡ್ರೈವರ್‌ಗಿಂತ (ಎಲ್ಲಕ್ಕಿಂತ ಉದ್ದದ ಕ್ಲಬ್) ಸ್ವಲ್ಪ ಉದ್ದದ ಕೋಲೊಂದನ್ನು ಬ್ಯಾಗ್‌ನಲ್ಲಿ ನಿಲ್ಲಿಸಿ. ತಲೆಕೆಳಗಾಗಿ ಬಿದ್ದರೆ ಪೆಟ್ಟು ಕೋಲಿಗೆ ಬೀಳುತ್ತದೆ. ಜಾವೆಲಿನ್ ಎಸೆಯುವವರದು ನಿಜಕ್ಕೂ ಕಷ್ಟ. ಗಂಡಸರ ಜಾವೆಲಿನ್ 2.6 ಮೀಟರ್‌ಗಿಂತ ಉದ್ದ. ಪೋಲ್ ವಾಲ್ಟ್ ಕೋಲು ಅದಕ್ಕಿಂತಲೂ ಉದ್ದ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ಇವನ್ನು ಏರ್‌ಪೋರ್ಟ್‌ಗೆ ಒಯ್ಯಲೇಬೇಡಿ.

## ಹಂತ 7: ದೇವನಹಳ್ಳಿ ತಲುಪಿ ಕೌಂಟರ್ ದಾಟುವುದು

ಮೊದಲು ಟರ್ಮಿನಲ್ ನೋಡಿಕೊಳ್ಳಿ. ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ದೇಶದೊಳಗಿನವು ಕಂಪನಿಯ ಮೇಲೆ 1 ಅಥವಾ 2. ಎರಡರ ನಡುವೆ ಬಸ್ ಇದೆ, ಆದರೆ ಸೈಕಲ್ ಬಾಕ್ಸ್ ಎಳೆದುಕೊಂಡು ಅದನ್ನು ಹತ್ತುವ ಪಾಡು ಬೇಡ.

ಸಾಮಾನ್ಯ ಕಾರಿನ ಡಿಕ್ಕಿಯಲ್ಲಿ 135 ಸೆಂ.ಮೀ. ಬಾಕ್ಸ್ ಹಿಡಿಸುವುದಿಲ್ಲ. ಸೀಟ್ ಮಡಚುವ ದೊಡ್ಡ ಕಾರನ್ನೇ ಬುಕ್ ಮಾಡಿ, ಡ್ರೈವರ್‌ಗೆ ಫೋನಿನಲ್ಲೇ ಅಳತೆ ಹೇಳಿ. ಕಿಟ್ ಬ್ಯಾಗ್, ರಾಕೆಟ್ ಬ್ಯಾಗ್ ಇರುವವರಿಗೆ ವಾಯುವಜ್ರ ಬಸ್ ಸಾಕು, ಒಳಗೆ ಲಗೇಜ್ ಇಡುವ ಜಾಗ ಇದೆ. ಸೈಕಲ್ ಬಾಕ್ಸ್‌ಗೆ ಅದನ್ನು ನಂಬಿಕೊಳ್ಳಬೇಡಿ. ಹೆಬ್ಬಾಳದ ಟ್ರಾಫಿಕ್‌ಗೂ ಸಮಯ ಇಟ್ಟುಕೊಂಡು, ದೇಶದೊಳಗಿನ ವಿಮಾನಕ್ಕೆ ಮೂರು ಗಂಟೆ, ವಿದೇಶಕ್ಕೆ ನಾಲ್ಕು ಗಂಟೆ ಮೊದಲು ಟರ್ಮಿನಲ್‌ನಲ್ಲಿರಿ. ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ.

ನಾವೇ ಬ್ಯಾಗ್ ಹಾಕುವ ಯಂತ್ರದ ಹತ್ತಿರ ಹೋಗಬೇಡಿ. ಸಿಬ್ಬಂದಿ ಇರುವ ಕೌಂಟರ್‌ಗೆ ಹೋಗಿ ಒಪ್ಪಿಗೆಯ ಮೇಲ್ ತೋರಿಸಿ. ತೂಕ ನೋಡಿ, ಶುಲ್ಕ ಕಟ್ಟಿ, ರಸೀದಿ ತೆಗೆದುಕೊಂಡ ಮೇಲೆ ಬಾಕ್ಸನ್ನು ದೊಡ್ಡ ಲಗೇಜ್‌ನ ಬೇರೆ ಜಾಗಕ್ಕೆ ಕಳಿಸುತ್ತಾರೆ. ಅಲ್ಲಿ ಸ್ಕ್ಯಾನ್ ಮುಗಿಯುವವರೆಗೆ ಹತ್ತಿರವೇ ಇರಿ. ಬಿಚ್ಚಿ ತೋರಿಸಲು ಹೇಳಬಹುದು. ಅಂಟು ಟೇಪಿನ ಒಂದು ಸುರುಳಿ ಅದಕ್ಕೇ ಕೈಯಲ್ಲಿರಬೇಕು. ಮನೆಯಲ್ಲೇ ಇಡೀ ಬಾಕ್ಸ್‌ಗೆ ಪ್ಲಾಸ್ಟಿಕ್ ಸುತ್ತಿ ಬರುವುದು ವ್ಯರ್ಥ.

ಕೌಂಟರ್‌ನಲ್ಲಿ ಒಂದು ಚೀಟಿಗೆ ಸಹಿ ಕೇಳುತ್ತಾರೆ. ಹಾನಿಯಾದರೆ ಕಂಪನಿ ಹೊಣೆಯಲ್ಲ ಅನ್ನುವ ಅರ್ಥದ ಚೀಟಿ ಅದು. ಓದಿಯೇ ಸಹಿ ಮಾಡಿ. ಪ್ಯಾಕಿಂಗ್ ಗಟ್ಟಿ ಇದ್ದರೆ ಇದು ಯಾಕೆ ಬೇಕು ಎಂದು ಮರ್ಯಾದೆಯಿಂದ ಕೇಳಿ. ಕೆಲವು ಸಲ ಬಿಡುತ್ತಾರೆ. ಬಾಕ್ಸ್‌ಗೆ ಅಂಟಿಸಿದ ಟ್ಯಾಗ್‌ನ ಫೋಟೋ ತೆಗೆದು, ಅದರಲ್ಲಿರುವ ಊರಿನ ಹೆಸರು ಸರಿಯೇ ನೋಡಿ.

ದುಬಾರಿ ಸೈಕಲ್ ಜೊತೆ ವಿದೇಶಕ್ಕೆ ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಪಡೆಯಿರಿ. ಫ್ರೇಮ್ ಸಂಖ್ಯೆ ಮತ್ತು ಬಿಲ್ ಬೇಕಾಗುತ್ತದೆ. ಬಾಕ್ಸ್ ತೋರಿಸಬೇಕಾದ್ದರಿಂದ ಚೆಕ್‌ಇನ್ ಸಿಬ್ಬಂದಿಗೆ ಮೊದಲೇ ಹೇಳಿ. ವಾಪಸ್ ಬರುವಾಗ ಇದು ಹೊಸದಾಗಿ ಕೊಂಡು ತಂದದ್ದಲ್ಲ ಎಂದು ತೋರಿಸಲು ಅದೇ ಕಾಗದ.

## ಹಂತ 8: ಇಳಿದ ಮೇಲೆ, ಹೊರಗೆ ಹೋಗುವ ಮೊದಲು

ದೊಡ್ಡ ಪೆಟ್ಟಿಗೆ ಸಾಮಾನ್ಯ ಬೆಲ್ಟ್‌ನಲ್ಲಿ ಬರುವುದಿಲ್ಲ. ಪಕ್ಕದ ದೊಡ್ಡ ಲಗೇಜ್ ಬಾಗಿಲಿನಿಂದ ಬರುತ್ತದೆ, ಅಥವಾ ಯಾರಾದರೂ ತಂದಿಟ್ಟು ಹೋಗುತ್ತಾರೆ. ಬೆಲ್ಟ್ ಮುಂದೆ ಸುಮ್ನೆ ಕಾಯಬೇಡಿ, ಸಿಬ್ಬಂದಿಯನ್ನು ಕೇಳಿ.

ಬಾಕ್ಸ್ ಕೈಗೆ ಬಂದ ತಕ್ಷಣ ಅಲ್ಲೇ ಬಿಚ್ಚಿ. ಫ್ರೇಮ್, ಹ್ಯಾಂಗರ್, ಚಕ್ರದ ಅಂಚು, ಡಿಸ್ಕ್ ನೋಡಿ. ಹೋಟೆಲ್‌ಗೆ ಹೋಗಿ ನೋಡುತ್ತೇನೆ ಅಂದವರ ದೂರಿಗೆ ಬಲ ಕಡಿಮೆ. ಹಾನಿ ಕಂಡರೆ ಕಂಪನಿಯ ಬ್ಯಾಗೇಜ್ ಡೆಸ್ಕ್‌ನಲ್ಲಿ ಪಿಐಆರ್ (ಲಗೇಜ್ ತೊಂದರೆಯ ವರದಿ) ಬರೆಸಿ, ಸಂಖ್ಯೆ ತೆಗೆದುಕೊಳ್ಳಿ. ಬಾಕ್ಸ್ ಎಸೆಯಬೇಡಿ, ಟ್ಯಾಗ್ ಕೀಳಬೇಡಿ. ಬಂದೇ ಇಲ್ಲದಿದ್ದರೂ ಅದೇ ಪಿಐಆರ್.

ಪಿಐಆರ್ ಒಂದೇ ಸಾಲದು. ವಿದೇಶಿ ಪ್ರಯಾಣದಲ್ಲಿ ಹಾನಿಗೆ ಸಾಮಾನು ಸಿಕ್ಕ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಲಿಖಿತ ದೂರು ಕೊಡಬೇಕು. 1999ರ ಮಾಂಟ್ರಿಯಲ್ ಒಪ್ಪಂದದ ನಿಯಮ ಇದು. ಪರಿಹಾರದ ಗರಿಷ್ಠ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬರಿಗೆ 1,519 ಎಸ್‌ಡಿಆರ್ (ಐಎಂಎಫ್‌ನ ಲೆಕ್ಕದ ಘಟಕ), ಅಂದರೆ ಒಂದೂವರೆ ಲಕ್ಷ ರೂಪಾಯಿಗೂ ಜಾಸ್ತಿ. ದೇಶದೊಳಗೆ ಮಿತಿ ಇದಕ್ಕಿಂತ ಎಷ್ಟೋ ಕಡಿಮೆ, ಸಾವಿರಗಳಲ್ಲೇ ಮುಗಿಯುತ್ತದೆ. ಮೂರು ಲಕ್ಷದ ಕಾರ್ಬನ್ ಸೈಕಲ್ ಇದ್ದರೆ ಎರಡೂ ಸಾಲುವುದಿಲ್ಲ. ಹಾಗಾಗಿ ಪ್ರತ್ಯೇಕ ವಿಮೆ ಮಾಡಿಸಿ, ಪಾಲಿಸಿಯಲ್ಲಿ ವಿಮಾನ ಪ್ರಯಾಣದ ಹಾನಿ ಸೇರಿದೆಯೇ ಓದಿ. ಕಂಪನಿ ಉತ್ತರ ಕೊಡದಿದ್ದರೆ ಪಿಐಆರ್, ರಸೀದಿ, ಫೋಟೋ ಸಮೇತ ಕೇಂದ್ರ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.

ಎಲ್ಲ ಸರಿ ಇದ್ದರೆ ಬಾಕ್ಸನ್ನು ಮಡಚಿ ಹೋಟೆಲ್‌ನಲ್ಲಿ ಇಡಲು ಕೇಳಿ. ವಾಪಸ್ ಬರುವಾಗ ಪೆಟ್ಟಿಗೆ ಹುಡುಕಿ ಅಲೆಯುವುದು ತಪ್ಪುತ್ತದೆ. ವಾಪಸ್ ವಿಮಾನದ ಹೆಚ್ಚುವರಿ ಕೆಜಿಯನ್ನೂ ಹೊರಡುವ ಮೊದಲೇ ಕೊಂಡಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ, ಮತ್ತೆ ಕಟ್ಟಿದ ಮೇಲೆ ತೂಗಿ. ಒದ್ದೆ ಬಟ್ಟೆ, ಕೆಸರು ಮೆತ್ತಿದ ಟೈರ್ ಸೇರಿ ಒಂದೆರಡು ಕೆಜಿ ಜಾಸ್ತಿಯಾಗಿರುತ್ತದೆ.